ಹಳೇ ರೂಟರಿನಿಂದ ಮಹಡಿಗೂ ವೈ-ಫೈ

ಹಾಲ್‌ನಲ್ಲಿ ಪೂರ್ತಿ ಸಿಗ್ನಲ್, ಮಹಡಿ ಕೋಣೆಯಲ್ಲಿ ಒಂದೇ ಕಡ್ಡಿ. ಹೆಚ್ಚಿನವರು ಆಗ ದುಬಾರಿ ಪ್ಲಾನ್‌ಗೆ ಬದಲಾಗುತ್ತಾರೆ. ಅದರಿಂದ ಪ್ರಯೋಜನವಿಲ್ಲ, ಏಕೆಂದರೆ ತಡೆ ಇರುವುದು ಗೋಡೆಯಲ್ಲಿ. ಕರಾವಳಿಯ ಕೆಂಪುಕಲ್ಲಿನ ಗೋಡೆ, ಹಳ್ಳಿ ಮನೆಯ ದಪ್ಪ ಮಣ್ಣಿನ ಗೋಡೆ, ಸರಳು ತುಂಬಿದ ಆರ್‌ಸಿಸಿ ಸ್ಲ್ಯಾಬ್ ಎಲ್ಲವೂ ಸಿಗ್ನಲ್ ನುಂಗುತ್ತವೆ. ವೇಗದ 5 ಗಿಗಾಹರ್ಟ್ಸ್ ಅಲೆಗೆ ಈ ಪೆಟ್ಟು 2.4 ಗಿಗಾಹರ್ಟ್ಸ್‌ಗಿಂತ ಜೋರು.

ಅಟ್ಟದಲ್ಲಿ ಹಳೇ ರೂಟರ್ ಇದ್ದರೆ ಕೆಳಗಿಳಿಸಿ. ತಂತಿಯಿಲ್ಲದೆ, ಸಿಗ್ನಲ್ ಹಿಡಿದು ಮುಂದಕ್ಕೆ ಕಳಿಸುವ ರಿಪೀಟರ್ ಆಗಿಯೂ ಅದನ್ನು ಬಳಸಬಹುದು. ಆದರೆ ಒಂದೇ ರೇಡಿಯೋ ಕೇಳುವುದನ್ನೂ ಹೇಳುವುದನ್ನೂ ಸರದಿಯಲ್ಲಿ ಮಾಡಬೇಕಾಗಿ ವೇಗ ಸುಮಾರು ಅರ್ಧಕ್ಕಿಳಿಯುತ್ತದೆ. ಒಂದು ದಿನದ ಕಷ್ಟವಾದರೂ ಸರಿ, ಕೆಳಗಿನ ರೂಟರಿನಿಂದ ಮಹಡಿಗೆ ತಂತಿಯನ್ನೇ ಎಳೆಯಿರಿ ಎನ್ನುವುದು ನನ್ನ ಸಲಹೆ.

ಅಂಗಡಿಯಲ್ಲಿ ಕ್ಯಾಟ್ 6 ನೆಟ್‌ವರ್ಕ್ ಕೇಬಲ್ ಕೇಳಿ, ಪೂರ್ತಿ ತಾಮ್ರದ್ದೇ ಇರಲಿ. 100 ಮೀಟರ್‌ವರೆಗೆ ತೊಂದರೆಯಿಲ್ಲ. ಮೆಟ್ಟಿಲ ಮೂಲೆಯಲ್ಲೋ ಕಿಟಕಿ ಚೌಕಟ್ಟಿನ ಸಂದಿಯಲ್ಲೋ ಒಯ್ಯಿರಿ. ಕರೆಂಟ್ ವೈರಿನ ಪೈಪಿನೊಳಗೆ ಮಾತ್ರ ತೂರಿಸಬೇಡಿ.

ಇನ್ನು ಸೆಟ್ಟಿಂಗ್. ಹಳೇ ರೂಟರಿಗೆ ಕರೆಂಟ್ ಕೊಟ್ಟು, ಹಿಂದಿನ ಸಣ್ಣ ರಂಧ್ರದಲ್ಲಿರುವ ರೀಸೆಟ್ ಬಟನ್ನನ್ನು ಪಿನ್ನಿನಿಂದ ಹತ್ತು ಸೆಕೆಂಡಿನಷ್ಟು ಒತ್ತಿ ಹಿಡಿಯಿರಿ. ಕೆಳಗಿನ ಮುಖ್ಯ ರೂಟರಿಗೆ ಇನ್ನೂ ಸಿಕ್ಕಿಸದೆ, ಹಳೆಯದರ ಲ್ಯಾನ್ ಪೋರ್ಟಿನಿಂದ (ಮನೆಯೊಳಗಿನ ತಂತಿಗೆಂದಿರುವ ಕಿಂಡಿ) ಲ್ಯಾಪ್‌ಟಾಪಿಗೆ ತಂತಿ ಹಾಕಿ. ತಳದ ಚೀಟಿಯಲ್ಲಿರುವ ವಿಳಾಸವನ್ನು, ಸಾಮಾನ್ಯವಾಗಿ 192.168.0.1 ಅಥವಾ 192.168.1.1, ಬ್ರೌಸರಿನಲ್ಲಿ ತೆರೆಯಿರಿ. ‘ಆ್ಯಕ್ಸೆಸ್ ಪಾಯಿಂಟ್ ಮೋಡ್’ (ತಂತಿಯಲ್ಲಿ ಬಂದ ನೆಟ್ಟನ್ನು ವೈ-ಫೈಯಾಗಿ ಹರಡುವ ಬಗೆ) ಕಂಡರೆ ಅದನ್ನೇ ಆರಿಸಿ, ಅರ್ಧ ಕೆಲಸ ಮುಗಿಯಿತು. ಇಲ್ಲದಿದ್ದರೆ ಮೊದಲು ಲ್ಯಾನ್ ವಿಳಾಸ ಬದಲಿಸಿ. ಮುಖ್ಯ ರೂಟರ್ 192.168.1.1 ಆಗಿದ್ದು, ಅದು ಕೊನೆಯ ಅಂಕಿ 100ರಿಂದ 200ರವರೆಗಿನ ವಿಳಾಸ ಹಂಚುತ್ತಿದ್ದರೆ, ಇದಕ್ಕೆ ಆ ಸಾಲಿನ ಹೊರಗಿನ 192.168.1.2 ಕೊಡಿ. ರೂಟರ್ ಮತ್ತೆ ಚಾಲೂ ಆದ ಮೇಲೆ ಹೊಸ ವಿಳಾಸದಲ್ಲೇ ಒಳಹೋಗಿ. ವೈ-ಫೈ ಹೆಸರು, ಪಾಸ್‌ವರ್ಡ್, ಭದ್ರತೆಯ ಬಗೆ ಮೂರೂ ಕೆಳಗಿನ ರೂಟರಿನದ್ದೇ ಇರಲಿ. ಚಾನೆಲ್ ಮಾತ್ರ ಬೇರೆ: 2.4 ಗಿಗಾಹರ್ಟ್ಸ್‌ನಲ್ಲಿ 1, 6, 11 ಒಂದರ ಮೇಲೊಂದು ಬೀಳುವುದಿಲ್ಲ. ಕೆಳಗೆ 1 ಇದ್ದರೆ ಮೇಲೆ 6 ಹಾಕಿ.

ಕೊನೆಗೆ ಡಿಎಚ್‌ಸಿಪಿ ಆಫ್ ಮಾಡಿ ಸೇವ್ ಮಾಡಿ. ನಾನು ಎಡವಿದ್ದು ಇಲ್ಲಿಯೇ. ಮೊದಲ ಸಲ ಇದನ್ನು ಮರೆತೆ. ಅರ್ಧ ದಿನ ಮನೆಯಲ್ಲಿ ಒಬ್ಬರ ಫೋನಿಗೆ ನೆಟ್ ಬರುತ್ತಿತ್ತು, ಇನ್ನೊಬ್ಬರ ಫೋನಿನಲ್ಲಿ ‘ಕನೆಕ್ಟೆಡ್’ ಎಂದಿದ್ದರೂ ಏನೂ ತೆರೆಯುತ್ತಿರಲಿಲ್ಲ. ಪ್ರತಿ ಫೋನಿಗೂ ವಿಳಾಸ ಕೊಟ್ಟು, ಹೊರಗೆ ಹೋಗುವ ಬಾಗಿಲು ಯಾವುದೆಂದು ಹೇಳುವುದು ಡಿಎಚ್‌ಸಿಪಿಯ ಕೆಲಸ. ಎರಡು ರೂಟರೂ ಹೇಳಲು ಹೊರಟರೆ, ಕೆಲವು ಫೋನುಗಳು ಇಂಟರ್ನೆಟ್ಟೇ ಇಲ್ಲದ ಬಾಗಿಲ ಮುಂದೆ ನಿಲ್ಲುತ್ತವೆ.

ಈಗ ಕೆಳಗಿನ ರೂಟರಿನ ಲ್ಯಾನ್ ಪೋರ್ಟಿನಿಂದ ಬಂದ ತಂತಿಯನ್ನು ಮೇಲಿನದರ ಲ್ಯಾನ್ ಪೋರ್ಟಿಗೇ ಸಿಕ್ಕಿಸಿ. ಹೊರಗಿನ ಇಂಟರ್ನೆಟ್ ತಂತಿಗೆಂದಿರುವ ಬೇರೆ ಬಣ್ಣದ ವ್ಯಾನ್ ಪೋರ್ಟ್ ಖಾಲಿ ಬಿಡಿ. ಆ್ಯಕ್ಸೆಸ್ ಪಾಯಿಂಟ್ ಮೋಡ್ ಆರಿಸಿದವರು ಮಾತ್ರ ಯಾವ ಪೋರ್ಟೆಂದು ಕೈಪಿಡಿ ನೋಡಿಕೊಳ್ಳಿ. ರೂಟರನ್ನು ಕಬ್ಬಿಣದ ಬೀರುವಿನ ಹಿಂದೆ ಬಚ್ಚಿಡದೆ ಎತ್ತರದಲ್ಲಿಡಿ. ಹಳೇ ರೂಟರುಗಳ ಪೋರ್ಟ್ ಎಷ್ಟೋ ಸಲ 100 ಎಂಬಿಪಿಎಸ್‌ನದ್ದು. ಪ್ಲಾನ್ 200 ಇದ್ದರೂ ಮಹಡಿಯಲ್ಲಿ 100ಕ್ಕಿಂತ ಹೆಚ್ಚು ಬಾರದು. ವಿಡಿಯೊ ಕಾಲ್‌ಗೆ ಅಷ್ಟು ಧಾರಾಳ.

ಮೆಟ್ಟಿಲು ಹತ್ತಿದ ಕೂಡಲೇ ಫೋನ್ ಮೇಲಿನ ರೂಟರಿಗೆ ಬದಲಾಗದಿದ್ದರೆ ಗಾಬರಿ ಬೇಡ, ಸಿಗ್ನಲ್ ತೀರಾ ಕ್ಷೀಣಿಸುವ ತನಕ ಅದು ಹಳೆಯದನ್ನೇ ಹಿಡಿದಿರುತ್ತದೆ. ವೈ-ಫೈ ಒಮ್ಮೆ ಆಫ್ ಮಾಡಿ ಆನ್ ಮಾಡಿ.

ಅಂಗಳ ದಾಟಿ ಔಟ್‌ಹೌಸಿಗೆ ತಂತಿ ಎಳೆದಿದ್ದರೆ ಗುಡುಗು ಶುರುವಾಗುವ ಮೊದಲೇ ಪ್ಲಗ್ಗಿನ ಜೊತೆ ಲ್ಯಾನ್ ತಂತಿಯನ್ನೂ ಎರಡೂ ತುದಿಯಲ್ಲಿ ಕಿತ್ತಿಡಿ. ಸಿಡಿಲು ಆ ತಂತಿಯಲ್ಲೇ ಒಳಬಂದು ಎರಡು ರೂಟರನ್ನೂ ಸುಡಬಲ್ಲದು.