ತಪ್ಪು ಯಾರದೆಂಬ ಜಗಳದಲ್ಲಿ ಕ್ಲೇಮನ್ನು ಎರಡಾಗಿ ಒಡೆದು ಹಣ ತಂದ ಬಗೆ

ಯಾರಿಗೂ ಗಾಯವಾಗದ ಅಪಘಾತಕ್ಕೆ ಎಂಎಸಿಟಿ (ಮೋಟಾರು ಅಪಘಾತ ಪರಿಹಾರ ನ್ಯಾಯಮಂಡಳಿ) ಮೆಟ್ಟಿಲು ಹತ್ತಿದರೆ ಏನು ಸಿಗುತ್ತೆ ಎಂದು ಕ್ಲೇಮ್ ಕೆಲಸ ಮಾಡುವವರೇ ತಲೆ ಅಲ್ಲಾಡಿಸಿದ್ದರು. ಸಿಕ್ಕಿದೆ. ನಾನು ಕ್ಲೇಮ್ ನೋಡಿಕೊಂಡ ಕಾರಿನ ಬಲಬದಿಯನ್ನು ಹಿಂದಿನಿಂದ ದಾಟುತ್ತಾ ಬಂದ ಟೆಂಪೋ ಉಜ್ಜಿತ್ತು. ಲೋಕ ಅದಾಲತ್‌ನಲ್ಲಿ, ಆ ಟೆಂಪೋದ ವಿಮಾ ಕಂಪನಿಯಿಂದಲೇ, ಹತ್ತಿರ ಹತ್ತಿರ 45 ಸಾವಿರ ರೂಪಾಯಿ ಬಂತು. ಕಾರು ಹಿಂದಿನಿಂದ ನುಗ್ಗಿ ಬಂತು ಎಂದು ಟೆಂಪೋ ಚಾಲಕ ಕೊನೆಯವರೆಗೂ ಹಟ ಹಿಡಿದಿದ್ದ. ಅವನ ಬಾಯಿಂದ ಒಪ್ಪಿಗೆ ಪಡೆಯುವ ಗೋಜಿಗೇ ನಾವು ಹೋಗಲಿಲ್ಲ.

ಮೊದಲ ಕೆಲಸ ಕ್ಲೇಮನ್ನು ಒಡೆಯುವುದು. ಸ್ವಂತ ಹಾನಿಯ, ಅಂದರೆ ನಮ್ಮ ಪಾಲಿಸಿಯಿಂದಲೇ ಬರುವ ಓಡಿ (ಓನ್ ಡ್ಯಾಮೇಜ್) ಭಾಗಕ್ಕೆ ತಪ್ಪು ಯಾರದೆಂಬುದು ಮುಖ್ಯವೇ ಅಲ್ಲ. ಪಾಲಿಸಿ, ಲೈಸೆನ್ಸು ಸರಿಯಿದ್ದರೆ ನಮ್ಮ ವಿಮಾ ಕಂಪನಿ ಕೊಡಲೇಬೇಕು. ಇದು ಗೊತ್ತಿದ್ದೂ ಎಷ್ಟೋ ಗ್ಯಾರೇಜಿನವರು ‘ಎದುರಿನವನು ಒಪ್ಪಲಿ, ಆಮೇಲೆ ಬಿಚ್ಚೋಣ’ ಎಂದು ಗಾಡಿಯನ್ನು ವಾರಗಟ್ಟಲೆ ಮೂಲೆಯಲ್ಲಿ ನಿಲ್ಲಿಸುತ್ತಾರೆ. ಅಷ್ಟರಲ್ಲಿ ಸಿಸಿಟಿವಿ ಅಳಿಸಿಹೋಗಿರುತ್ತದೆ, ಗೀರಿಗೆ ಧೂಳು ಮೆತ್ತಿರುತ್ತದೆ. ಓಡಿ ಕ್ಲೇಮ್ ತಕ್ಷಣ ಹಾಕಿ. ಓಡಿಯಲ್ಲಿ ಕಡಿತವಾಗಿ ಉಳಿದದ್ದನ್ನು ಮಾತ್ರ ಎದುರು ಪಕ್ಷದ ಗಾಡಿಯ ಮೇಲೆ ಹೊರಿಸಿ.

ಆ ಉಳಿಕೆ ಎಷ್ಟು ಎಂಬುದರ ಮೇಲೆ ಜಗಳಕ್ಕೆ ಬೆಲೆ ಬರುತ್ತದೆ. ಈ ಕಾರು ನಾಲ್ಕನೇ ವರ್ಷದಲ್ಲಿತ್ತು, ಬಿಲ್ ಸುಮಾರು 1.38 ಲಕ್ಷ. ಫೆಂಡರ್, ಡೋರ್ ಸೇರಿ ತಗಡಿನ ಭಾಗ 48 ಸಾವಿರ, ಅದರಲ್ಲಿ ಹಳತಾದದ್ದಕ್ಕೆ ಶೇ. 25 ಸವಕಳಿ ಕಡಿತ. ಬಂಪರ್, ಹೆಡ್‌ಲ್ಯಾಂಪ್ ಥರದ ಪ್ಲಾಸ್ಟಿಕ್ 34 ಸಾವಿರ, ಅದರಲ್ಲಿ ಅರ್ಧ ಹೋಯಿತು. ಪೇಂಟ್ ಬಿಲ್ಲಿನ ಕಾಲು ಭಾಗವನ್ನು ಸಾಮಗ್ರಿ ಎಂದು ಹಿಡಿದು ಅದರ ಅರ್ಧ ಕಡಿತ. ಗಾಜಿಗೆ, ಕೂಲಿಗೆ ಕಡಿತವಿಲ್ಲ. 1500 ಸಿಸಿ ಒಳಗಿನ ಗಾಡಿಯಾದ್ದರಿಂದ ಕಡ್ಡಾಯ ಕಡಿತ ಒಂದು ಸಾವಿರ. ಬೋಲ್ಟು, ಕ್ಲಿಪ್ಪು, ಕೂಲೆಂಟು ಎಂದು ಇನ್ನೊಂದಿಷ್ಟು. ಮಾಲೀಕರ ಕೈಯಿಂದ 34 ಸಾವಿರದ ಆಸುಪಾಸು ಹೋಯಿತು. ಗಾಡಿ ಶೆಡ್ಡಿನಲ್ಲಿದ್ದಾಗ ಟ್ಯಾಕ್ಸಿಗೆ 20 ಸಾವಿರ, ಎನ್‌ಸಿಬಿ (ಕ್ಲೇಮ್ ಮಾಡದ ವರ್ಷಕ್ಕೆ ಪ್ರೀಮಿಯಮ್ಮಿನಲ್ಲಿ ಸಿಗುವ ರಿಯಾಯಿತಿ) ಕಳೆದುಕೊಂಡದ್ದಕ್ಕೆ ನಾಲ್ಕು ಸಾವಿರ ಸೇರಿಸಿ 58 ಸಾವಿರ ಕೇಳಿದೆವು. ಜೀರೋ ಡೆಪ್ (ಸವಕಳಿ ಕಡಿತವಿಲ್ಲದ ಪಾಲಿಸಿ) ಇರುವ ಗಾಡಿಗೆ ಈ ಲೆಕ್ಕ ಕೂಡಿಬರುವುದಿಲ್ಲ. ಅಲ್ಲಿ ಟ್ಯಾಕ್ಸಿ ಖರ್ಚು ಬಿಟ್ಟರೆ ಉಳಿಯುವುದು ಕೆಲವೇ ಸಾವಿರ, ವಕೀಲರ ಫೀಸಿಗೇ ಸಾಲದು.

ಇಂಥ ಕೇಸು ಹೆಚ್ಚಾಗಿ ಸೋಲುವುದು ಕೋರ್ಟಿನಲ್ಲಲ್ಲ, ಕ್ಲೇಮ್ ಫಾರ್ಮಿನಲ್ಲಿ. ‘ಅಪಘಾತ ಹೇಗಾಯಿತು’ ಎಂಬ ಜಾಗದಲ್ಲಿ ಗ್ಯಾರೇಜಿನ ಹುಡುಗ ‘ಮುಂದೆ ಹೋಗುತ್ತಿದ್ದ ಟೆಂಪೋಗೆ ನಮ್ಮ ಗಾಡಿ ತಾಗಿತು’ ಎಂದು ಗೀಚುತ್ತಾನೆ. ಓಡಿಗೆ ಅಷ್ಟು ಸಾಕು, ಹಣ ಬರುತ್ತದೆ. ಹಾನಿ ಅಂದಾಜಿಸುವ ಸರ್ವೇಯರ್ ಅದೇ ಸಾಲನ್ನು ವರದಿಗೆ ಇಳಿಸುತ್ತಾರೆ. ಆರು ತಿಂಗಳಾದ ಮೇಲೆ ಎದುರು ವಕೀಲರು ಆ ವರದಿಯನ್ನು ತರಿಸಿ ನಮ್ಮ ಕೈಬರಹವನ್ನೇ ನಮ್ಮ ಮುಂದೆ ಹಿಡಿಯುತ್ತಾರೆ. ಹೀಗೆ ಕೈತಪ್ಪಿದ ಕೇಸುಗಳನ್ನು ಸಾಕಷ್ಟು ಕಂಡಿದ್ದೇನೆ. ಆ ಜಾಗವನ್ನು ಈಗ ಬೇರೆಯವರಿಂದ ಬರೆಸುವುದೇ ಇಲ್ಲ. ಯಾವ ಲೇನು, ಯಾವ ದಿಕ್ಕಿಗೆ, ಎದುರು ಗಾಡಿಯ ಯಾವ ಮೂಲೆ ನಮ್ಮ ಯಾವ ಭಾಗಕ್ಕೆ, ಎಷ್ಟು ಹೊತ್ತಿಗೆ ಎಂಬುದು ಫಾರ್ಮು, ಪೊಲೀಸ್ ದೂರು, ಎಂಎಸಿಟಿ ಅರ್ಜಿ ಮೂರರಲ್ಲೂ ಒಂದೇ ಆಗಿರಬೇಕು. ಕಂಡದ್ದನ್ನಷ್ಟೇ ಬರೆಯಿರಿ, ‘ಅತಿವೇಗ’ ಎಂಬ ಪದ ಬೇಡ. ವೇಗ ಎಷ್ಟು ಅಂತ ಹೇಗೆ ಗೊತ್ತಾಯಿತು ಎಂದು ಪಾಟೀಸವಾಲಿನಲ್ಲಿ ಕೇಳಿದರೆ ಉತ್ತರವಿರುವುದಿಲ್ಲ.

ಈ ಕೇಸನ್ನು ಗೆಲ್ಲಿಸಿದ್ದು ಗೀರುಗಳು. ಬಲಗಡೆ ಉಜ್ಜಿದ ಗಾಡಿ ಬಂದರೆ ಬಹಳ ಜನ ದೂರದಿಂದ ಎರಡು ಫೋಟೊ ಹೊಡೆದು ಬಿಚ್ಚಲು ಶುರು ಮಾಡುತ್ತಾರೆ. ನಾನು ಮೊದಲು ನೋಡುವುದು ಗೀರಿನ ದಿಕ್ಕು. ನಮ್ಮ ಕಾರು ವೇಗವಾಗಿ ಬಂದು ನಿಧಾನದ ಟೆಂಪೋಗೆ ಉಜ್ಜಿದ್ದರೆ ಗೀರು ಬಂಪರ್ ಕಡೆಯಿಂದ ಡೋರ್ ಕಡೆಗೆ ಓಡಬೇಕು. ಇಲ್ಲಿ ಡೋರಿನಲ್ಲಿ ತೆಳುವಾಗಿ ಶುರುವಾಗಿ ಫೆಂಡರಿನಲ್ಲಿ ಆಳವಾಗಿ ಹೆಡ್‌ಲ್ಯಾಂಪ್ ಹತ್ತಿರ ಮುಗಿದಿತ್ತು. ಬಂಪರಿನ ಮೂಲೆ ಒಳಕ್ಕೆ ಒತ್ತಿಕೊಂಡಿರಲಿಲ್ಲ, ಮುಂದಕ್ಕೆ ಕಿತ್ತುಬಂದಿತ್ತು. ಬಲಗನ್ನಡಿ ಮುಂದಕ್ಕೆ ಮಡಚಿತ್ತು. ಹಿಂದಿನಿಂದ ಬಂದ ಗಾಡಿ ನಮ್ಮನ್ನು ದಾಟುತ್ತಾ ಎಡಕ್ಕೆ ಎಳೆದಾಗ ಮಾತ್ರ ಈ ಮೂರೂ ಒಟ್ಟಿಗೆ ಆಗುತ್ತವೆ. ಗೀರು ಮುಗಿಯುವ ತುದಿಯಲ್ಲಿ ಪೇಂಟಿನ ಪುಡಿ ಸಣ್ಣ ದಿಣ್ಣೆಯಾಗಿ ಕೂತಿರುತ್ತದೆ, ಬೆರಳಾಡಿಸಿದರೆ ತಿಳಿಯುತ್ತದೆ. ಅದನ್ನು ಹತ್ತಿರದಿಂದ, ಓರೆ ಬೆಳಕಿನಲ್ಲಿ ತೆಗೆಯಿರಿ. ಗಾಡಿ ತೊಳೆಯುವ ಮೊದಲೇ ಇದೆಲ್ಲ ಆಗಬೇಕು, ವಾಟರ್ ವಾಷ್ ಮಾಡಿದರೆ ಆ ಪುಡಿ ಹೋಯಿತು.

ನೆಲದಿಂದ ಗೀರಿನ ಎತ್ತರಕ್ಕೆ ಟೇಪು ನೇರವಾಗಿ ಹಿಡಿದು, ಅಂಕಿ ಕಾಣುವಂತೆ ಫೋಟೊ ಬೇಕು. ಎದುರು ಗಾಡಿಯ ಮೂಲೆಯ ಎತ್ತರವೂ ಸಿಕ್ಕರೆ ಜೋಡಿ ಕೂರುತ್ತದೆ. ಎರಡು ಎತ್ತರಗಳ ನಡುವೆ ನಾಲ್ಕೈದು ಸೆಂಟಿಮೀಟರ್ ವ್ಯತ್ಯಾಸ ಬಂದರೆ ಗಾಬರಿ ಬೇಡ. ಜೋರಾಗಿ ಬ್ರೇಕ್ ಒತ್ತಿದಾಗ ಮುಂಭಾಗ ಕುಸಿಯುತ್ತದೆ, ಹಿಂಭಾಗ ಏಳುತ್ತದೆ. ಆ ವ್ಯತ್ಯಾಸ ಬ್ರೇಕ್ ಹಾಕಿದ್ದರಿಂದಲೂ ಬಂದಿರಬಹುದು. ಬಿಚ್ಚಿದ ಬಂಪರು, ಕನ್ನಡಿ, ಲ್ಯಾಂಪು ಗುಜರಿಗೆ ಹೋಗಬಾರದು. ಓಡಿ ಕಂಪನಿ ಸಾಲ್ವೇಜ್ (ಬಿಚ್ಚಿದ ಹಳೇ ಭಾಗ) ಎಂದು ಕೇಳಿದರೆ ಕೊಡುವ ಮುಂಚೆ ಎಲ್ಲ ಕೋನದಿಂದ ತೆಗೆದಿಟ್ಟುಕೊಳ್ಳಿ. ಯಾವ ಫೋಟೊವನ್ನು ಯಾವ ಕ್ರಮದಲ್ಲಿ ಅರ್ಜಿಗೆ ಲಗತ್ತಿಸುತ್ತೇನೆ ಎಂಬುದನ್ನು ಇಲ್ಲಿ ಹೇಳುವುದಿಲ್ಲ. ಅದು ವರ್ಷಗಟ್ಟಲೆ ಕೂತು ಕಂಡುಕೊಂಡದ್ದು, ಅದರಿಂದಲೇ ಎದುರಿನವರ ಮಾತು ಇಳಿಯುತ್ತದೆ.

ಗುದ್ದಿದ ಹೊತ್ತಿಗೆ ಇಂಡಿಕೇಟರ್ ಉರಿಯುತ್ತಿತ್ತೇ ಎಂಬುದು ಬಲ್ಬಿನಿಂದ ತಿಳಿಯುತ್ತದೆಯೇ ಎಂದು ಪಕ್ಕದಲ್ಲೊಂದು ಪ್ರಯೋಗ ಮಾಡಿದ್ದೆ. ಉರಿಯುತ್ತಿರುವ ತಂತು ಮೆತ್ತಗಿರುತ್ತದೆ, ಗುದ್ದಿಗೆ ಎಳೆದುಕೊಂಡು ಸುರುಳಿ ಬಿಡಿಸಿಕೊಳ್ಳುತ್ತದೆ. ಆರಿದ್ದ ತಂತು ಆಕಾರ ಕೆಡಿಸಿಕೊಳ್ಳದೆ ಕಡಿಯುತ್ತದೆ. ಹಳೇ 21 ವ್ಯಾಟ್ ಬಲ್ಬುಗಳನ್ನು ಹಲಗೆಗೆ ಕೂರಿಸಿ, ಅರ್ಧಕ್ಕೆ 12 ವೋಲ್ಟ್ ಕೊಟ್ಟು, ಹಲಗೆಗೆ ಸುತ್ತಿಗೆಯಿಂದ ಬಾರಿಸಿ ನೋಡಿದೆ. ಉರಿಯುತ್ತಿದ್ದವುಗಳಲ್ಲಿ ಹೆಚ್ಚಿನವು ಎಳೆದುಕೊಂಡಿದ್ದವು. ಆದರೆ ಇಂಡಿಕೇಟರ್ ಮಿನುಗುವಂಥದ್ದು, ಆರಿದ ಕ್ಷಣದಲ್ಲಿ ಗುದ್ದು ಬಿದ್ದರೆ ಏನೂ ಹೇಳಲಾಗದು. ಎಲ್‌ಇಡಿ ಆದರೆ ಇದಕ್ಕೆ ಅರ್ಥವೇ ಇಲ್ಲ. ಆದರೂ ಹಳೇ ಗಾಡಿಯಾದರೆ ಬಲ್ಬು ಎಸೆಯಬೇಡಿ.

ಸಿಸಿಟಿವಿ ವಿಷಯದಲ್ಲಿ ದುಡ್ಡೂ ಹೋಗುತ್ತದೆ, ಸಮಯವೂ ಹೋಗುತ್ತದೆ. ಅಂಗಡಿಗಳ ಸಿಸಿಟಿವಿ ಚಿತ್ರ ಉಳಿಸುವ ಡಿವಿಆರ್‌ನಲ್ಲಿ ಸಾಮಾನ್ಯವಾಗಿ ಒಂದೆರಡು ವಾರದ ಚಿತ್ರ ಇರುತ್ತದೆ, ಆಮೇಲೆ ಹೊಸದು ಅದರ ಮೇಲೇ ಬರೆಯುತ್ತದೆ. ಪರದೆಯನ್ನು ಮೊಬೈಲಿನಲ್ಲಿ ಶೂಟ್ ಮಾಡಿಕೊಂಡು ಬರುವುದು ಎಲ್ಲರ ಅಭ್ಯಾಸ. ಸಾಕ್ಷ್ಯ ಎಂದಾಗ ಅದಕ್ಕೆ ಬಲವಿಲ್ಲ. 2024ರ ಜುಲೈ 1ರಿಂದ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಕಲಂ ಪ್ರಕಾರ ಡಿಜಿಟಲ್ ದಾಖಲೆಯ ಪ್ರಮಾಣಪತ್ರಕ್ಕೆ ಎರಡು ಭಾಗ: ಒಂದು ಸಾಧನ ನಡೆಸುವವರದು, ಇನ್ನೊಂದು ಪರಿಣತರದು, ಜೊತೆಗೆ ಫೈಲಿನ ಹ್ಯಾಶ್ ಅಂಕಿ (ಫೈಲು ಬದಲಾಗಿಲ್ಲವೆಂದು ತೋರಿಸುವ ಗುರುತು). ಆದ್ದರಿಂದ ಡಿವಿಆರ್‌ನಿಂದ ನೇರ ಪೆನ್‌ಡ್ರೈವಿಗೆ ಇಳಿಸಿ, ಅಲ್ಲೇ ಹ್ಯಾಶ್ ತೆಗೆದು ಬರೆದಿಡಿ. ಡಿವಿಆರ್ ಗಡಿಯಾರ ಎಷ್ಟು ನಿಮಿಷ ಹಿಂದೆ ಮುಂದೆ ಇದೆ ಎಂಬುದನ್ನೂ ಗುರುತು ಹಾಕಿಕೊಳ್ಳಿ. ಅಂಗಡಿಯವರು ಸಹಿಗೆ ಹಿಂಜರಿದರೆ ಪೊಲೀಸರ ಮೂಲಕ ತರಿಸುವುದೇ ದಾರಿ.

ವಿಡಿಯೊದಿಂದ ವೇಗ ಲೆಕ್ಕ ಹಾಕುವುದೂ ಆಗುತ್ತದೆ. ರಸ್ತೆಯ ಎರಡು ಗುರುತುಗಳ ನಡುವೆ ಟೇಪು ಹಿಡಿದು ಅಳೆಯಿರಿ. ಒಂಬತ್ತು ಮೀಟರನ್ನು ಸೆಕೆಂಡಿಗೆ 15 ಫ್ರೇಮಿನ ಕ್ಯಾಮೆರಾದಲ್ಲಿ 9 ಫ್ರೇಮಿಗೆ ದಾಟಿದರೆ ಗಂಟೆಗೆ 54 ಕಿ.ಮೀ. ಒಂದು ಫ್ರೇಮ್ ಎಣಿಕೆ ತಪ್ಪಿದರೆ ಐದರಿಂದ ಏಳು ಕಿ.ಮೀ. ಏರುಪೇರು, ಹಾಗಾಗಿ ದೂರ ಹೆಚ್ಚಿದ್ದಷ್ಟೂ ಒಳ್ಳೆಯದು. ಡಿವಿಆರ್ ಮೇಲೆ 25 ಫ್ರೇಮ್ ಎಂದಿದ್ದರೂ ನಂಬಬೇಡಿ, ಪರದೆಯ ಗಡಿಯಾರದ ಒಂದು ಸೆಕೆಂಡಿಗೆ ಎಷ್ಟು ಫ್ರೇಮ್ ಬರುತ್ತವೆ ಎಂದು ಎಣಿಸಿ.

ಠಾಣೆಯಲ್ಲಿ ‘ಯಾರಿಗೂ ಪೆಟ್ಟಾಗಿಲ್ಲವಲ್ಲ, ರಾಜಿ ಮಾಡ್ಕೊಳ್ಳಿ’ ಎನ್ನುತ್ತಾರೆ. ರಾಜಿ ಪತ್ರಕ್ಕೆ ಸಹಿ ಬಿದ್ದರೆ ಎರಡು ಕಡೆಯಿಂದ ಹೊಡೆತ. ಒಂದು, ಎದುರು ಕಂಪನಿ ಅದನ್ನೇ ತೋರಿಸಿ ಕೈ ಎತ್ತುತ್ತದೆ. ಎರಡು, ಕಂಪನಿಯ ಲಿಖಿತ ಒಪ್ಪಿಗೆಯಿಲ್ಲದೆ ತಪ್ಪು ಒಪ್ಪಬಾರದು, ಹಣದ ಮಾತು ಕೊಡಬಾರದು ಎಂಬ ಷರತ್ತು ನಮ್ಮ ಪಾಲಿಸಿಯಲ್ಲೇ ಇದೆ. ಎಫ್‌ಐಆರ್ ಹಾಕದಿದ್ದರೂ ಲಿಖಿತ ದೂರು ಕೊಟ್ಟು ಹಿಂಬರಹ ಪಡೆಯಿರಿ. ಎಫ್‌ಐಆರ್ ಆದರೆ ಸ್ಥಳ ಮಹಜರು, ನಕ್ಷೆ, ಐಎಂವಿ (ಮೋಟಾರು ವಾಹನ ನಿರೀಕ್ಷಕರ) ವರದಿ ಸಿಗುತ್ತವೆ. ಐಎಂವಿ ನೋಡುವ ಮುಂಚೆ ಟಿಂಕರಿಂಗ್ ಮುಟ್ಟಬೇಡಿ.

ಓಡಿ ಹಣ ಬರುವಾಗ ‘ಪೂರ್ಣ ಮತ್ತು ಅಂತಿಮ’ ಎಂಬ ವೋಚರ್ ಬರುತ್ತದೆ. ಸಹಿಯ ಮೇಲೆ ‘ಸ್ವಂತ ಹಾನಿ ಭಾಗಕ್ಕೆ ಮಾತ್ರ, ಉಳಿದ ನಷ್ಟಕ್ಕೆ ಎದುರು ಪಕ್ಷದ ಮೇಲಿನ ಹಕ್ಕು ಉಳಿಸಿಕೊಂಡು’ ಎಂದು ಬರೆಸಿ. ಆ ಒಂದು ಸಾಲು ಇಲ್ಲದಿದ್ದರೆ ಎದುರು ವಕೀಲರ ಮೊದಲ ಆಕ್ಷೇಪವೇ ಅದು. ಓಡಿ ಕೊಟ್ಟ ಮೊತ್ತವನ್ನು ಮತ್ತೆ ಎದುರಿನವರಿಂದ ಕೇಳಬೇಡಿ. ಅದನ್ನು ವಸೂಲಿ ಮಾಡುವ ಹಕ್ಕು ನಮ್ಮ ವಿಮಾ ಕಂಪನಿಯದು, ಎರಡು ಸಲ ಕೇಳಿದರೆ ಇಡೀ ಅರ್ಜಿಯೇ ಅನುಮಾನಕ್ಕೆ ಬೀಳುತ್ತದೆ.

ಎದುರು ಗಾಡಿಯ ಪಾಲಿಸಿ ಪ್ರತಿಯಲ್ಲಿ ಇತರರ ಆಸ್ತಿ ನಷ್ಟಕ್ಕಿರುವ ಮಿತಿ ನೋಡಿ. ಸಾಮಾನ್ಯವಾಗಿ 7.5 ಲಕ್ಷ. ಪ್ರೀಮಿಯಮ್‌ನಲ್ಲಿ ನೂರಿನ್ನೂರು ಉಳಿಸಲು ಕೆಲವರು 6,000ಕ್ಕೆ ಇಳಿಸಿಕೊಂಡಿರುತ್ತಾರೆ. ಹಾಗಿದ್ದರೆ ಉಳಿದದ್ದನ್ನು ಮಾಲೀಕರಿಂದಲೇ ವಸೂಲಿ ಮಾಡಬೇಕು, ಅದು ಬೇರೆಯೇ ಗೋಳು. ಬಿಮಾ ಲೋಕಪಾಲರ ಬಳಿ ಎದುರು ಕಂಪನಿಯ ಮೇಲೆ ದೂರು ನಡೆಯುವುದಿಲ್ಲ. ಅದು ನಮ್ಮ ಪಾಲಿಸಿಯ ಜಗಳಕ್ಕೆ ಮಾತ್ರ. ಮೋಟಾರು ವಾಹನ ಕಾಯ್ದೆಯ 166ನೇ ಕಲಂ ಅರ್ಜಿಗೆ, ಅಂದರೆ ಎಂಎಸಿಟಿ ಅರ್ಜಿಗೆ, 2022ರ ಏಪ್ರಿಲ್‌ನಿಂದ ಅಪಘಾತದ ದಿನದಿಂದ ಆರು ತಿಂಗಳ ಗಡುವಿದೆ. ಸರ್ವೆ ಮುಗಿಯಲಿ, ಬಿಲ್ ಬರಲಿ ಎಂದು ಕಾಯುವವರು ಇದನ್ನೇ ಮರೆಯುತ್ತಾರೆ. ಮಾಲೀಕರು ವಾಸವಿರುವ ಊರಿನಲ್ಲೇ ಹಾಕಬಹುದು, ಅಪಘಾತ ನಡೆದ ಜಾಗಕ್ಕೆ ಅಲೆಯಬೇಕಿಲ್ಲ.

ಅದಾಲತ್‌ನಲ್ಲಿ ಎದುರು ಕಂಪನಿ ಶುರು ಮಾಡಿದ್ದೇ ‘ಅರ್ಧ ತಪ್ಪು ನಿಮ್ಮದು’ ಎಂದು, ಅಂದರೆ 29 ಸಾವಿರ. ಬಲಗನ್ನಡಿಯ ಫೋಟೊ, ಬಂಪರ್ ಮೂಲೆ, ಗೀರಿನ ತುದಿ ಮೂರನ್ನೂ ಸಾಲಾಗಿ ಇಟ್ಟ ಮೇಲೆ ಅರ್ಧದ ಮಾತು ನಿಂತಿತು. ಎನ್‌ಸಿಬಿ ಬಿಟ್ಟುಕೊಟ್ಟೆವು, ಅದನ್ನು ಅವರು ಸುಲಭಕ್ಕೆ ಒಪ್ಪುವುದಿಲ್ಲ. ಟ್ಯಾಕ್ಸಿಯಲ್ಲಿ ರಸೀದಿ ಇದ್ದಷ್ಟಕ್ಕೆ ಮಾತ್ರ ಬೆಲೆ ಸಿಕ್ಕಿತು, ನಗದು ಕೊಟ್ಟ ಆಟೊ ಖರ್ಚು ಪೂರ್ತಿ ಹೋಯಿತು. ವಕೀಲರಿಗೆ ಹತ್ತು ಸಾವಿರ, ಪರಿಣತರ ಪ್ರಮಾಣಪತ್ರ, ಪ್ರಿಂಟು, ಜೆರಾಕ್ಸ್ ಎಂದು ನಾಲ್ಕೈದು ಸಾವಿರ ಕಳೆದು ಮಾಲೀಕರ ಕೈಗೆ 30 ಸಾವಿರ ಉಳಿಯಿತು. ಮುಂದಿನ ಕೇಸಿನಿಂದ ಗಾಡಿ ಶೆಡ್ಡಿಗೆ ಬಂದ ದಿನವೇ ಮಾಲೀಕರಿಗೆ ಹೇಳುತ್ತಿದ್ದೇನೆ: ಓಡಾಟಕ್ಕೆಲ್ಲ ಆ್ಯಪ್‌ನಲ್ಲೇ ಬುಕ್ ಮಾಡಿ, ಬಿಲ್ ಉಳಿಸಿಕೊಳ್ಳಿ.