ಕಾಲಿನ ಉಗುರು ಮಾಂಸದೊಳಗೆ ಚುಚ್ಚುತ್ತಿದೆಯಾ? ಮೊದಲು ನೇಲ್ ಕಟರ್ ಕೆಳಗಿಡಿ

ರಾತ್ರಿ ಹೊದಿಕೆಯ ಅಂಚು ಹೆಬ್ಬೆರಳಿಗೆ ತಾಕಿದರೂ ಜೀವ ಹೋದಂತಾಗುತ್ತಿದ್ದರೆ ಒಮ್ಮೆ ಬೆಳಕಿನಲ್ಲಿ ಬೆರಳು ನೋಡಿ. ಉಗುರಿನ ಒಂದು ಪಕ್ಕ ಕೆಂಪಾಗಿ ಊದಿಕೊಂಡು, ಆ ಮೂಲೆ ಚರ್ಮದೊಳಗೆ ಮುಳುಗಿದೆಯಾ? ಹಾಗಿದ್ದರೆ ಅದು ಇನ್‌ಗ್ರೋನ್ ನೇಲ್. ಜನ ಇದನ್ನೂ ಉಗುರುಸುತ್ತು ಅಂತಲೇ ಕರೆಯುತ್ತಾರೆ, ಆದರೆ ಉಗುರುಸುತ್ತು ಅಂದರೆ ಉಗುರಿನ ಸುತ್ತಲಿನ ಚರ್ಮಕ್ಕೆ ಸೋಂಕಾಗುವುದು. ಇಲ್ಲಿ ತೊಂದರೆ ಕೊಡುವುದು ಉಗುರೇ.

ಈಗ ಎಲ್ಲರೂ ಮಾಡುವ ತಪ್ಪು ಒಂದಿದೆ. ನಾನೂ ಮಾಡಿದೆ, ಒಂದಲ್ಲ ಎರಡು ಸಲ. ಚುಚ್ಚುವ ಮೂಲೆಯನ್ನು ಕಟರ್ ತೂರಿಸಿ ಕತ್ತರಿಸಿದೆ, ಒಂದು ವಾರ ಆರಾಮಾಗಿತ್ತು, ಆಮೇಲೆ ಮೊದಲಿಗಿಂತ ಜಾಸ್ತಿ ನೋವು. ಯಾಕೆ ಗೊತ್ತಾ? ಕಟರ್ ಎಷ್ಟೇ ಒಳಗೆ ಹೋದರೂ ಕೊನೆಯ ಚೂರಿಗೆ ತಲುಪುವುದಿಲ್ಲ. ಅಲ್ಲಿ ಮೀನಿನ ಮುಳ್ಳಿನಂಥ ಒಂದು ಚೂಪು ತುದಿ ಉಳಿಯುತ್ತದೆ, ಉಗುರು ಮುಂದೆ ಬೆಳೆದಂತೆ ಅದು ನೇರವಾಗಿ ಮಾಂಸಕ್ಕೆ ನುಗ್ಗುತ್ತದೆ. ಉಗುರಿನ ನಡುವೆ 'ವಿ' ಆಕಾರದಲ್ಲಿ ಕತ್ತರಿಸಿದರೆ ಅಂಚುಗಳು ಮಾಂಸ ಬಿಟ್ಟು ನಡುವಿನ ಕಡೆಗೆ ಸರಿಯುತ್ತವೆ ಅಂತ ಹೇಳುವವರೂ ಇದ್ದಾರೆ. ಉಗುರು ಬೆಳೆಯುವುದು ಹಿಂದಿನ ಬುಡದಿಂದ, ತುದಿಯಲ್ಲಿ ಏನು ಕತ್ತರಿಸಿದರೂ ಬುಡಕ್ಕೆ ಗೊತ್ತೇ ಆಗುವುದಿಲ್ಲ.

ಕೀವು ಇಲ್ಲ, ಬರೀ ನೋವು ಮತ್ತು ಸ್ವಲ್ಪ ಊತ ಅಂದರೆ ಮನೆಯಲ್ಲೇ ನೋಡಿಕೊಳ್ಳಬಹುದು. ಉಗುರುಬೆಚ್ಚಗಿನ ನೀರಿನಲ್ಲಿ ಪಾದವನ್ನು 15 ನಿಮಿಷ ಇಡಿ, ದಿನಕ್ಕೆ ಮೂರು ಸಲ. ಉಪ್ಪು ಹಾಕಲೇಬೇಕೆಂದಿಲ್ಲ. ಆಮೇಲೆ ಬೆರಳ ಸಂದಿಯನ್ನೂ ಬಿಡದೆ ಚೆನ್ನಾಗಿ ಒರೆಸಿ. ಚರ್ಮ ಮೆತ್ತಗಾಗಿರುವಾಗಲೇ ಊದಿದ ಭಾಗವನ್ನು ಕೈಬೆರಳಿನಿಂದ ಉಗುರಿನಿಂದ ದೂರಕ್ಕೆ ಮೆಲ್ಲಗೆ ತಳ್ಳಿ. ನಂತರ ಸ್ವಲ್ಪ ಹತ್ತಿಯನ್ನು ದಾರದಷ್ಟು ಸಣ್ಣಗೆ ಹೊಸೆದು ಮೂಲೆಯ ಕೆಳಗೆ ಸೇರಿಸಿ, ಉಗುರು ಚರ್ಮದ ಮೇಲೆ ಬರಲು ದಾರಿಯಾಗುತ್ತದೆ. ಮೊದಲ ದಿನ ಒಂದು ಎಳೆ ಹೋದರೂ ಸಾಕು, ಬಲವಂತ ಬೇಡ. ಹತ್ತಿಯನ್ನು ದಿನಾ ಬದಲಿಸಿ, ಹಳೆಯದನ್ನು ಬಿಟ್ಟರೆ ಅದೇ ಕೊಳೆಯ ಗೂಡು. ನೋವಿಗೆ ಪ್ಯಾರಾಸಿಟಮಾಲ್ ಸಾಕು. ಬೆರಳು ತೆರೆದಿರುವ ಚಪ್ಪಲಿ ಹಾಕಿ. ಕಾಲಿನ ಉಗುರು ತಿಂಗಳಿಗೆ ಬೆಳೆಯುವುದೇ ಸುಮಾರು ಒಂದೂವರೆ ಮಿಲಿಮೀಟರ್, ಹಾಗಾಗಿ ಮೂಲೆ ಚರ್ಮ ದಾಟಿ ಬರಲು ವಾರಗಟ್ಟಲೆ ಬೇಕು. ಇಲ್ಲಿ ತಾಳ್ಮೆಗೆಟ್ಟವರೇ ಮತ್ತೆ ಕಟರ್ ಹುಡುಕುವುದು.

ಸಕ್ಕರೆ ಕಾಯಿಲೆ ಇರುವವರು, ಪಾದದಲ್ಲಿ ಸ್ಪರ್ಶ ಕಡಿಮೆ ಇರುವವರು, ಕಾಲಿಗೆ ರಕ್ತ ಸರಿಯಾಗಿ ಹರಿಯದವರು ಮೇಲಿನದ್ಯಾವುದನ್ನೂ ಮಾಡಬೇಡಿ, ಸೀದಾ ಡಾಕ್ಟರ ಹತ್ತಿರ ಹೋಗಿ. ಉಳಿದವರೂ ಕೀವು ಬಂದರೆ, ಕೆಂಪು ಹರಡುತ್ತಿದ್ದರೆ, ಜ್ವರ ಬಂದರೆ, ಅಥವಾ ಪಕ್ಕದಲ್ಲಿ ಮುಟ್ಟಿದರೆ ರಕ್ತ ಬರುವ ಕೆಂಪು ಮಾಂಸ ಬೆಳೆದಿದ್ದರೆ ಕಾಯಬೇಡಿ. ಬರೀ ಆಂಟಿಬಯೋಟಿಕ್ ನುಂಗಿ ಕೂರುವುದು, ಮುಳ್ಳನ್ನು ಕಾಲಲ್ಲೇ ಇಟ್ಟುಕೊಂಡು ಔಷಧಿ ಮಾಡಿದ ಹಾಗೆ.

ಡಾಕ್ಟರು ಏನು ಮಾಡುತ್ತಾರೆ? ಬೆರಳಿನ ಬುಡದ ಎರಡೂ ಪಕ್ಕ ಮರಗಟ್ಟಿಸುವ ಇಂಜೆಕ್ಷನ್ ಕೊಡುತ್ತಾರೆ. ಸುಳ್ಳು ಹೇಳುವುದಿಲ್ಲ, ಅದು ಚೆನ್ನಾಗಿಯೇ ಉರಿಯುತ್ತದೆ. ಆದರೆ ನೋವು ಅಲ್ಲಿಗೇ ಮುಗಿಯಿತು, ಆಮೇಲೆ ಯಾರೋ ಬೆರಳು ಎಳೆದಾಡಿದಂತೆ ಅನಿಸುತ್ತದೆ ಅಷ್ಟೇ. ಚುಚ್ಚುವ ಪಕ್ಕದ ಒಂದು ಪಟ್ಟಿಯನ್ನು ಮಾತ್ರ ಬುಡದವರೆಗೆ ಸೀಳಿ ತೆಗೆಯುತ್ತಾರೆ. ನನ್ನದನ್ನು ಟ್ರೇನಲ್ಲಿ ತೋರಿಸಿದಾಗ ನಗು ಬಂತು, ಇಷ್ಟು ದಿನ ಕುಂಟಿಸಿದ್ದು ಈ ಕಡ್ಡಿಯಾ ಅಂತ! ಆ ಪಟ್ಟಿ ಮತ್ತೆ ಬೆಳೆಯದಿರಲು ಬುಡಕ್ಕೆ ಫೀನಾಲ್ ಅನ್ನುವ ರಾಸಾಯನಿಕ ಹಚ್ಚುವುದುಂಟು. ಪದೇ ಪದೇ ಈ ತೊಂದರೆ ಬರುವವರು ಇದನ್ನು ಕೇಳಿಯೇ ಕೇಳಿ, ಉಗುರು ಸ್ವಲ್ಪ ಅಗಲ ಕಡಿಮೆಯಾಗುತ್ತದೆ, ನಷ್ಟವೇನಿಲ್ಲ. ಇಡೀ ಉಗುರು ಕೀಳುವುದು ಸಾಮಾನ್ಯವಾಗಿ ಬೇಕಾಗುವುದಿಲ್ಲ, ಅದು ಪೂರ್ತಿ ಬೆಳೆಯಲು 12ರಿಂದ 18 ತಿಂಗಳು ಹಿಡಿಯುತ್ತದೆ.

ಮೊದಲೆರಡು ದಿನ ಕಾಲನ್ನು ದಿಂಬಿನ ಮೇಲಿಟ್ಟು ಮಲಗಿ. ಫೀನಾಲ್ ಹಚ್ಚಿದ್ದರೆ ಕೆಲವು ವಾರ ನೀರಿನಂಥ ದ್ರವ ಜಿನುಗಬಹುದು, ಗಾಬರಿ ಬೇಡ. ಆದರೆ ನೋವು ದಿನದಿಂದ ದಿನಕ್ಕೆ ಏರುತ್ತಿದ್ದರೆ ಮತ್ತೆ ತೋರಿಸಿ.

ವಾಸಿಯಾದ ಮೇಲೆ ಉಗುರನ್ನು ನೇರವಾಗಿ ಕತ್ತರಿಸಿ, ಮೂಲೆ ದುಂಡಗೆ ಮಾಡಬೇಡಿ, ತೀರಾ ಗಿಡ್ಡವೂ ಬೇಡ. ಶೂ ಬಿಗಿಯಾ ಅಂತ ಅನುಮಾನವಿದ್ದರೆ ಸಂಜೆ ಹೊತ್ತು, ಪಾದ ಸ್ವಲ್ಪ ಊದಿರುವಾಗ, ಕಾಗದದ ಮೇಲೆ ನಿಂತು ಸುತ್ತ ಗೆರೆ ಎಳೆದು ಅದರ ಮೇಲೆ ಶೂ ಇಟ್ಟು ನೋಡಿ. ಗೆರೆ ಹೊರಗೆ ಇಣುಕಿದರೆ ಆ ಜೋಡಿಯನ್ನು ಸಣ್ಣ ಪಾದದವರಿಗೆ ಕೊಟ್ಟುಬಿಡಿ.