ಮನೆಮಂದಿ ಆಡುವ ವಿಡಿಯೋ ಗೇಮ್‌ಗೆ ವಿಮರ್ಶೆ ಬರೆಯುವುದು ಹೇಗೆ

ಇಂಥ ಗೇಮ್‌ಗಳ ವಿಮರ್ಶೆ ಓದುವ ಅಪ್ಪ ಅಮ್ಮಂದಿರಿಗೆ ತಿಳಿಯಬೇಕಾದದ್ದು ನಾಲ್ಕೇ ಸಂಗತಿ. ಆರು ವರ್ಷದ ಮಗು ತಾನಾಗಿಯೇ ಆಡುತ್ತದೆಯೇ? ಅಜ್ಜಿಯೂ ಸೇರಿಕೊಳ್ಳಬಹುದೇ? ಒಂದು ಸುತ್ತಿಗೆ ಎಷ್ಟು ಹೊತ್ತು ಬೇಕು? ಇನ್‌ಸ್ಟಾಲ್ ಆದಮೇಲೆ ಮತ್ತೆ ದುಡ್ಡು ಕೇಳುತ್ತದೆಯೇ? ಗ್ರಾಫಿಕ್ಸ್‌ಗೆ ಹತ್ತಕ್ಕೆ ಎಂಟು ಕೊಟ್ಟು ಮುಗಿಸಿದರೆ ಇವುಗಳಲ್ಲಿ ಒಂದಕ್ಕೂ ಉತ್ತರ ಸಿಗುವುದಿಲ್ಲ. ನೀವು ಆಡಿದರಷ್ಟೇ ಸಾಲದು, ಬೇರೆಯವರು ಆಡುವುದನ್ನು ಕೂತು ನೋಡಬೇಕು.

ಮೊಬೈಲ್ ಗೇಮ್ ಆದರೆ ಹೊಸ ಖಾತೆಯಿಂದಲೇ ಶುರುಮಾಡಿ. ಹಳೆಯ ಖಾತೆಯಲ್ಲಿ ಹಿಂದೆ ಏನಾದರೂ ಕೊಂಡಿದ್ದರೆ ಜಾಹೀರಾತು ಕಾಣಿಸದೆ ಹೋಗಬಹುದು. ಹೊಸಬರಿಗೆ ತೋರಿಸುವ ಆಫರ್‌ಗಳೂ ತಪ್ಪಿಹೋಗುತ್ತವೆ. ಪ್ರತಿ ಖರೀದಿಗೂ ಪಾಸ್‌ವರ್ಡ್ ಕೇಳುವಂತೆ ಸೆಟ್ಟಿಂಗ್ ಬದಲಿಸಿದ ಮೇಲೆಯೇ ಫೋನನ್ನು ಮಗುವಿನ ಕೈಗೆ ಕೊಡಿ. ಸ್ಟೋರ್‌ನಲ್ಲಿ ತೋರಿಸಿದ ಗಾತ್ರವನ್ನು ಬರೆದುಕೊಂಡು, ಮೊದಲ ಸಲ ತೆರೆದು ಆಡಿದ ಮೇಲೆ ಫೋನಿನ ಸ್ಟೋರೇಜ್‌ನಲ್ಲಿ ಮತ್ತೊಮ್ಮೆ ನೋಡಿ. ಎಷ್ಟೋ ಗೇಮ್‌ಗಳು ತೆರೆದ ಮೇಲೆ ಇನ್ನಷ್ಟು ಡೇಟಾ ಇಳಿಸಿಕೊಳ್ಳುತ್ತವೆ.

ಮೊದಲ ಒಂದು ಗಂಟೆ ಸ್ಕ್ರೀನ್ ರೆಕಾರ್ಡಿಂಗ್ ಹಾಕಿಡಿ. ಮೊದಲ ಜಾಹೀರಾತು ಎಷ್ಟನೇ ನಿಮಿಷಕ್ಕೆ ಬಂತು, ಮುಚ್ಚುವ ಗುರುತು ಎಷ್ಟು ಸೆಕೆಂಡಿನ ನಂತರ ಕಾಣಿಸಿತು, ಅದು ಯಾವ ಮೂಲೆಯಲ್ಲಿತ್ತು ಎಂಬುದೆಲ್ಲ ಆಮೇಲೆ ನಿಧಾನವಾಗಿ ಎಣಿಸಬಹುದು. ಗುರುತು ಚಿಕ್ಕದಾಗಿದ್ದರೆ ಮಗುವಿನ ಬೆರಳು ಪಕ್ಕದಲ್ಲಿ ಬಿದ್ದು ಸ್ಟೋರ್ ತೆರೆದುಕೊಳ್ಳುತ್ತದೆ. ಎಷ್ಟು ಸಲ ಹೀಗಾಯಿತೆಂದು ಬರೆಯಿರಿ. ಆ ಒಂದು ಅಂಕಿ ಇಡೀ ಪ್ಯಾರಾಕ್ಕಿಂತ ಹೆಚ್ಚು ಹೇಳುತ್ತದೆ. ಜೊತೆಗೆ ಏರೋಪ್ಲೇನ್ ಮೋಡ್‌ನಲ್ಲೂ ಒಮ್ಮೆ ಆಡಿಸಿ. ಊರಿಗೆ ಹೋಗುವ ಬಸ್ಸಿನಲ್ಲಿ ನೆಟ್‌ವರ್ಕ್ ಹೋದಾಗ ಗೇಮ್ ನಡೆಯುತ್ತದೆಯೋ ಇಲ್ಲವೋ ಗೊತ್ತಾಗುತ್ತದೆ.

ಒಂದೇ ಸಂಜೆ ಆಡಿ ತೀರ್ಪು ಕೊಡುವುದು ಇಲ್ಲಿ ಆಗುವ ದೊಡ್ಡ ತಪ್ಪು. 2012ರಲ್ಲಿ ಬಂದ ಕ್ಯಾಂಡಿ ಕ್ರಷ್ ಸಾಗಾ ನೋಡಿ. ಐದು ಜೀವ, ಸೋತರೆ ಒಂದು ಹೋಗುತ್ತದೆ, ಹೋದ ಒಂದೊಂದು ತುಂಬಲು ಅರ್ಧ ಗಂಟೆ. ಐದೂ ಖಾಲಿಯಾದರೆ ಪೂರ್ತಿ ತುಂಬಲು ಎರಡೂವರೆ ಗಂಟೆ ಬೇಕು. ಆದರೆ ಶುರುವಿನ ಹಂತಗಳು ಸುಲಭ, ಅಲ್ಲಿ ಸೋಲುವುದೇ ಅಪರೂಪ. ಹಾಗಾಗಿ ಮೊದಲ ದಿನ ಈ ಕಾಯುವಿಕೆ ಕಣ್ಣಿಗೇ ಬೀಳುವುದಿಲ್ಲ. ಕನಿಷ್ಠ ಒಂದು ವಾರ, ದಿನಕ್ಕೆ ಇಪ್ಪತ್ತು ನಿಮಿಷ ಆಡಿ. ಮೂರನೇ ದಿನ ಮತ್ತು ಏಳನೇ ದಿನ ಹೊಸದಾಗಿ ಟಿಪ್ಪಣಿ ಮಾಡಿ. ಫೋನಿನ ಗಡಿಯಾರ ಮುಂದೆ ತಿರುಗಿಸಿ ಜೀವ ತುಂಬಿಸಿಕೊಳ್ಳಬೇಡಿ. ಓದುಗರ ಮನೆಯ ಮಗು ಕಾಯಲೇಬೇಕು.

ವಯಸ್ಸಿನ ರೇಟಿಂಗನ್ನು ಹಾಗೆಯೇ ನಕಲು ಮಾಡುವುದೂ ಅಪಾಯ. ಅದು ಹಿಂಸೆ, ಬೈಗುಳ, ಭಯದಂಥ ವಿಷಯಗಳನ್ನು ಅಳೆಯುತ್ತದೆ, ಕಷ್ಟವನ್ನು ಅಳೆಯುವುದಿಲ್ಲ. ಒಟ್ಟಿಗೆ ಅಡುಗೆ ಮಾಡುವ ಗೇಮ್ ಓವರ್‌ಕುಕ್ಡ್‌ಗೆ ಯುರೋಪಿನ ರೇಟಿಂಗ್ ವ್ಯವಸ್ಥೆ ಪೆಗಿ ಕೊಟ್ಟಿರುವುದು 3, ಅಂದರೆ ಮೂರು ವರ್ಷ ದಾಟಿದವರಿಗೆಲ್ಲ ಸರಿ ಎಂದು. ಆದರೆ ಅದರಲ್ಲಿ ಒಂದು ಈರುಳ್ಳಿ ಸೂಪ್ ಆಗಬೇಕಾದರೆ ಮೂರು ಈರುಳ್ಳಿ ತಂದು, ಹೆಚ್ಚಿ, ಪಾತ್ರೆಗೆ ಹಾಕಿ, ಬೆಂದ ಮೇಲೆ ತಟ್ಟೆಗೆ ಸುರಿದು ಕೊಡಬೇಕು. ಮರೆತರೆ ಒಲೆಗೆ ಬೆಂಕಿ. ಇದೆಲ್ಲ ಗೊತ್ತುಮಾಡಿದ ಸಮಯದೊಳಗೆ ಮುಗಿಯಬೇಕು. ಮೂರು ವರ್ಷದ ಮಗುವಿಗೆ ಇದು ಆಗದ ಮಾತು. 2020ರ ‘ಆಲ್ ಯು ಕ್ಯಾನ್ ಈಟ್’ ಆವೃತ್ತಿಯಲ್ಲಿ ಅಸಿಸ್ಟ್ ಮೋಡ್ ಇದೆ, ಸಮಯ ಹೆಚ್ಚಿಸಿಕೊಳ್ಳಬಹುದು. ಅದನ್ನು ಹಾಕಿ, ಹಾಕದೆ, ಎರಡೂ ಬಗೆಯಲ್ಲಿ ಆಡಿಸಿ ನೋಡಿ. ನಾಲ್ವರು ಕೂತಾಗ ಕೆಲಸ ಹಂಚುವವರು ಯಾರು, ಚಿಕ್ಕವರ ಪಾಲಿಗೆ ಬರೀ ತಟ್ಟೆ ತೊಳೆಯುವುದು ಉಳಿಯುತ್ತದೆಯೇ, ಜಗಳ ಎಲ್ಲಿ ಹುಟ್ಟುತ್ತದೆ ಎಂದು ಗಮನಿಸಿ. ಮನೆಯವರು ಒಟ್ಟಿಗೆ ಆಡುವ ಗೇಮ್‌ಗೆ ಇದೇ ನಿಜವಾದ ಪರೀಕ್ಷೆ.

ನೋಡುವಾಗ ಮೊದಲ ಹತ್ತು ನಿಮಿಷ ಬಾಯಿ ಬಿಡಬೇಡಿ. ‘ಅಲ್ಲಿ ಒತ್ತು’ ಎಂದುಬಿಟ್ಟರೆ ಪರೀಕ್ಷೆ ಕೆಟ್ಟಂತೆ. ಮಗು ಯಾವ ಗಳಿಗೆಯಲ್ಲಿ ನಿಮ್ಮ ಮುಖ ನೋಡಿತೋ ಅದನ್ನು ಬರೆದುಕೊಳ್ಳಿ. ಬಹಳ ಸಲ ಅದು ಇಂಗ್ಲಿಷ್ ಸೂಚನೆ ಬಂದ ಗಳಿಗೆಯಾಗಿರುತ್ತದೆ. ಇಂಗ್ಲಿಷ್ ಓದಲು ಬಾರದ ಮಗು ಚಿತ್ರ, ಬಾಣದ ಗುರುತು ನೋಡಿಯೇ ಮುಂದೆ ಹೋಗಬಲ್ಲದೇ ಎಂಬುದನ್ನು ಕನ್ನಡದ ವಿಮರ್ಶೆ ಹೇಳಲೇಬೇಕು.

ಸಹಾಯದ ಸೆಟ್ಟಿಂಗ್‌ಗಳು ವಿಮರ್ಶಕರನ್ನೇ ದಾರಿ ತಪ್ಪಿಸುವುದುಂಟು. ನಿಂಟೆಂಡೊ ಸ್ವಿಚ್ ಎಂಬ ಗೇಮ್ ಯಂತ್ರಕ್ಕೆ 2017ರಲ್ಲಿ ಬಂದ ರೇಸಿನ ಗೇಮ್ ಮಾರಿಯೋ ಕಾರ್ಟ್ 8 ಡಿಲಕ್ಸ್‌ನಲ್ಲಿ ಸ್ಮಾರ್ಟ್ ಸ್ಟಿಯರಿಂಗ್ ಇದೆ. ಗಾಡಿ ರಸ್ತೆ ಬಿಟ್ಟು ಬೀಳದಂತೆ ಅದು ತಿರುಗಿಸುತ್ತದೆ. ಅದು ಆನ್ ಆಗಿದೆ ಎಂಬುದಕ್ಕೆ ಗಾಡಿಯ ಹಿಂದೆ ಪುಟ್ಟ ಆ್ಯಂಟೆನಾ ಕಾಣುತ್ತದೆ. ಅದನ್ನು ಗಮನಿಸದೆ ಅಡ್ಡದಾರಿಗೆ ನುಗ್ಗಲು ಹೋದವರಿಗೆ ಗಾಡಿ ಹಿಂದಕ್ಕೆ ಎಳೆದಂತಾಗಿ, ‘ಕಂಟ್ರೋಲ್ ಸರಿಯಿಲ್ಲ’ ಎಂದು ಬರೆಯುವಂತಾಗುತ್ತದೆ. ಮಗುವಿಗೆ ಇದನ್ನೂ, ಗಾಡಿಯನ್ನು ತಾನಾಗಿಯೇ ಓಡಿಸುವ ಆಟೊ ಆ್ಯಕ್ಸಿಲರೇಟ್ ಅನ್ನೂ ಹಾಕಿ, ಎಲ್ಲಕ್ಕಿಂತ ನಿಧಾನದ 50ಸಿಸಿಯಲ್ಲಿ ಮೂರು ರೇಸ್ ಬಿಡಿ; ಆಮೇಲೆ ಒಂದೊಂದಾಗಿ ತೆಗೆಯಿರಿ. ಎಲ್ಲಿಗೆ ಬೇಸರ ಹುಟ್ಟುತ್ತದೆ ಅಂತ ತಿಳಿಯುತ್ತದೆ. ಸ್ವಿಚ್‌ನ ಎರಡು ಬದಿಗೆ ಸಿಕ್ಕಿಸುವ ಪುಟ್ಟ ಕಂಟ್ರೋಲರ್, ಅಂದರೆ ಜಾಯ್‌ಕಾನ್, ಒಂದು ಜೋಡಿ ಬಿಡಿಸಿದರೆ ಇಬ್ಬರಿಗೆ ಸಾಕು, ನಾಲ್ವರಿಗೆ ಎರಡು ಜೋಡಿ ಬೇಕು. ಈ ಖರ್ಚನ್ನೂ ಬೆಲೆಯ ಜೊತೆ ಸೇರಿಸಿ. ಒಂಟಿ ಜಾಯ್‌ಕಾನ್ ಅಡ್ಡ ಹಿಡಿದಾಗ ಮೇಲಂಚಿನ ಗುಂಡಿಗಳು ದೊಡ್ಡವರ ಬೆರಳಿಗೆ ಇಕ್ಕಟ್ಟಾಗುವುದನ್ನೂ ಬಿಡಬೇಡಿ.

ಲೂಡೋ ಕಿಂಗ್‌ನಂಥ ಗೇಮ್‌ಗೆ ಒಂದೇ ತೀರ್ಪು ಸಾಲದು. ಒಂದೇ ಫೋನನ್ನು ಕೈಯಿಂದ ಕೈಗೆ ದಾಟಿಸಿ ಆಡುವುದು ಬೇರೆ, ಆನ್‌ಲೈನ್‌ನಲ್ಲಿ ಅಪರಿಚಿತರ ಜೊತೆ ಆಡುವುದು ಬೇರೆ. ಮೊದಲನೆಯದನ್ನು ಮಕ್ಕಳಿಗೆ ಧೈರ್ಯವಾಗಿ ಕೊಡಬಹುದು. ಎರಡನೆಯದರಲ್ಲಿ ಚಾಟ್, ಫ್ರೆಂಡ್ ರಿಕ್ವೆಸ್ಟ್ ನಿಲ್ಲಿಸಲು ಬರುತ್ತದೆಯೇ ಎಂದು ಸೆಟ್ಟಿಂಗ್ಸ್ ತೆರೆದು ಸ್ವತಃ ಮಾಡಿ ನೋಡಿ, ಆಮೇಲೆ ಬರೆಯಿರಿ.

ಬರೆಯಲು ಕೂತಾಗ ಮೊದಲ ಪ್ಯಾರಾದಲ್ಲೇ ಯಾವ ವಯಸ್ಸಿಗೆ, ಎಷ್ಟು ಜನಕ್ಕೆ, ಯಾವ ಯಂತ್ರದಲ್ಲಿ, ಒಟ್ಟು ಎಷ್ಟು ಖರ್ಚು ಎಂಬುದು ಬಂದುಬಿಡಲಿ. ‘ಕಂಟ್ರೋಲ್ ಸುಲಭ’ ಎಂದರೆ ಯಾರಿಗೂ ಉಪಯೋಗವಿಲ್ಲ. ‘ಒಂದು ಬೆರಳು ಸಾಕು, ಆದರೆ ಕೆಳಗಿನಿಂದ ಮೇಲಕ್ಕೆ ಎಳೆಯುವಾಗ ಪರದೆಯ ಅಂಚು ತಾಗಿ ಗೇಮ್‌ನಿಂದ ಹೊರಬಂದುಬಿಡುತ್ತದೆ’ ಎಂದರೆ ಅಮ್ಮನಿಗೆ ಏನು ಮಾಡಬೇಕೆಂದು ಗೊತ್ತಾಗುತ್ತದೆ. ಕಂಪನಿಯವರು ಪುಕ್ಕಟೆ ಕೊಟ್ಟ ಪ್ರತಿಯಾದರೆ ಅದನ್ನು ಮೇಲೆಯೇ ತಿಳಿಸಿ. ಆಡಿದ ಆವೃತ್ತಿಯ ಸಂಖ್ಯೆ, ತಾರೀಖು ಹಾಕಿ. ಒಂದು ಅಪ್‌ಡೇಟ್ ಬಂದರೆ ಜಾಹೀರಾತುಗಳ ಲೆಕ್ಕವೇ ಬದಲಾಗಬಹುದು. ಹಾಗಾದಾಗ ಇನ್ನೊಮ್ಮೆ ಹೊಸ ಖಾತೆಯಿಂದ ಒಂದು ಗಂಟೆ ಆಡಿ, ತಿದ್ದುಪಡಿಯನ್ನು ವಿಮರ್ಶೆಯ ತಲೆಯಲ್ಲೇ ತಾರೀಖಿನ ಸಮೇತ ಸೇರಿಸಿ.